ವಿರೋಧದ ಚೀಟಿ

ನಮ್ಮವರಿಗೆ ಮಾತು ಚೆನ್ನಾಗಿ ಬರುತ್ತದೆ. ಮದುವೆಯಾಗಿ ಬಂದ ಹೊಸತರಲ್ಲಿ ಇದನ್ನು ನಾನೇ ನಾಲ್ಕು ಮಂದಿಯ ಮುಂದೆ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಯಾರಾದರೂ ಆ ಮಾತು ತೆಗೆದರೆ ಚಹಾ ಇಡುವ ನೆಪ ಮಾಡಿ ಒಳಗೆ ಹೋಗುತ್ತೇನೆ. ಅವರು ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರರು. ಆದರೆ ಅವರ ಹೆಸರು ಆದದ್ದು ಪಾಠದಿಂದಲ್ಲ, ಚರ್ಚಾಸ್ಪರ್ಧೆಯಿಂದ. ಕಕ್ಕೇರಾದಲ್ಲಿರಲಿ, ಸುರಪುರದಲ್ಲಿರಲಿ, ಇವರು ತಯಾರು ಮಾಡಿದ ಮಕ್ಕಳೇ ಗೆದ್ದು ಬರಬೇಕು. ಚೀಟಿ ಎತ್ತಿದಾಗ ಪರ ಬಂದರೆ ಪರ, ವಿರೋಧ ಬಂದರೆ ವಿರೋಧ. ಮನಸ್ಸಿನಲ್ಲಿ ಏನಿದೆ ಎಂಬುದನ್ನು ವೇದಿಕೆ ಹತ್ತುವ ಮುಂಚೆ ಚಪ್ಪಲಿಯ ಜೊತೆ ಕೆಳಗೆ ಬಿಟ್ಟು ಹೋಗಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದರು. ಮನೆಯಲ್ಲೂ ಅದೇ ಚಾಳಿ. ಬದನೆಕಾಯಿ ಪಲ್ಯಕ್ಕೆ ಹುಣಸೆಹುಳಿ ಬೇಕು ಎಂದು ಒಂದು ತುತ್ತಿಗೆ ವಾದ ಮಾಡುವರು, ಬೇಡ ಎಂದು ಇನ್ನೊಂದು ತುತ್ತಿಗೆ. ನಾನು ನಗುತ್ತಿದ್ದೆ. ನಗಬಾರದಿತ್ತು ಅಂತ ಈಗ ಅನ್ನಿಸುತ್ತದೆ, ಆಗ ಹೇಗೆ ತಿಳಿಯಬೇಕು.

ನನ್ನ ತವರು ಬಳಿಚಕ್ರದ ಕಡೆ. ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಜೋಳದ ರಾಶಿ ಮುಗಿಯಿತೆಂದರೆ ಹೊಲಕ್ಕೂ ರಜೆ, ಮೈಗೂ ರಜೆ. ಬೇಸಿಗೆಯ ಮಧ್ಯಾಹ್ನ ಬೇವಿನ ಮರದ ಕೆಳಗೆ ಕೂತು ಶಾವಿಗೆ ಹೊಸೆಯುವುದು, ಹಪ್ಪಳ ಮಾಡುವುದು, ಮಂದಿಯ ಸುದ್ದಿ ಮಾತಾಡುವುದು. ಈ ಊರಿಗೆ ಬಂದ ಮೇಲೆಯೇ ನಾನು ಬೇಸಿಗೆಯಲ್ಲಿ ಹಸಿರು ಹೊಲ ನೋಡಿದ್ದು. ಕಾಲುವೆ ಬಂದದ್ದೇ ಬಂದದ್ದು, ಮಳೆಗಾಲಕ್ಕೆ ಭತ್ತ, ಅದು ಎದ್ದ ಮೇಲೆ ಬೇಸಿಗೆ ಶೇಂಗಾ. ಮೊದಲು ಚೈತ್ರದ ಹೊತ್ತಿಗೆ ನಡುಮಧ್ಯಾಹ್ನ ಹೊಲದಲ್ಲಿ ನರಪಿಳ್ಳೆ ಇರುತ್ತಿರಲಿಲ್ಲ ಎಂದು ನಮ್ಮ ಅತ್ತೆ ಹೇಳುತ್ತಿದ್ದಳು. ಈಗ ಸರಿಯಾಗಿ ಆ ಹೊತ್ತಿಗೇ ಶೇಂಗಾ ಕೀಳುವ ಸುಗ್ಗಿ. ನೀರು ಬಂದು ಊರಿನ ಹೊಟ್ಟೆ ತುಂಬಿಸಿತು, ಸುಳ್ಳು ಹೇಳಬಾರದು. ಹೆಂಗಸರನ್ನು ಉರಿಬಿಸಿಲಿಗೆ ಎಳೆದು ತಂದು ನಿಲ್ಲಿಸಿದ್ದೂ ಅದೇ ನೀರು.

ಆ ಹೆಂಗಸರಲ್ಲಿ ನಮ್ಮ ನೆಗೆಣ್ಣಿಯೂ ಒಬ್ಬಳು. ನಮ್ಮವರ ಅಣ್ಣನ ಹೆಂಡತಿ. ನಾನು ಅಕ್ಕ ಅನ್ನುತ್ತೇನೆ, ನಮ್ಮವರು ವೈನಿ ಅನ್ನುತ್ತಾರೆ. ಬೇರೆ ಒಲೆ, ಒಂದೇ ಗೋಡೆ. ಕೂಲಿ ಹೆಣ್ಣುಮಕ್ಕಳ ಗುಂಪಿಗೆ ಅವಳೇ ಮುಂದಾಳು. ಬೆಳಿಗ್ಗೆ ರೊಟ್ಟಿ ಬಡಿದು, ಬುತ್ತಿ ಕಟ್ಟಿ, ಓಣಿಯ ತುದಿಯಿಂದ ಒಬ್ಬೊಬ್ಬರನ್ನೇ ಕೂಗಿ ಎಬ್ಬಿಸಿಕೊಂಡು ಹೊರಡುವಳು. ಅವಳ ಕೂಗಿಗೆ ನನ್ನ ಮಕ್ಕಳು ಏಳುತ್ತಿದ್ದರು, ನನಗೆ ಗಡಿಯಾರದ ಗೊಡವೆಯೇ ಇರಲಿಲ್ಲ. ಬಾಯಿ ಅಂದರೆ ಬಾಯಿ ಅವಳದು. ಹೊಲದವರು ಸಂಜೆ ಇನ್ನೊಂದು ಸಾಲು ಮುಗಿಸಿ ಹೋಗಿ ಎಂದರೆ ಸೆರಗು ಜಾಡಿಸಿ ಎದ್ದು ಬರುವಳು. ಮೈದುನನ ಮೇಲೆ ಮಾತ್ರ ಅವಳಿಗೆ ಎಲ್ಲಿಲ್ಲದ ಅಭಿಮಾನ. ಇವರು ಸುರಪುರದಲ್ಲಿ ಕಾಲೇಜು ಓದುವಾಗ ದಿನಾ ಬುತ್ತಿ ಕಟ್ಟಿ ಕಳಿಸಿದವಳು ಅವಳು. ನಮ್ಮ ಮೈದುನ ಸೈನ್ಸ್ ಮಾಸ್ತರ ಎಂದು ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳುವಳು.

ಒಂದು ವರ್ಷ ಹೋಳಿಗೆ ಮುಂಚೆಯೇ ಝಳ ಶುರುವಾಯಿತು. ರಾತ್ರಿ ಮಾಳಿಗೆಯ ಮೇಲೆ ಮಲಗಿದರೂ ಕಲ್ಲು ಆರುತ್ತಿರಲಿಲ್ಲ. ಶೇಂಗಾ ಕೀಳುವಾಗ ಅಕ್ಕನ ಗುಂಪಿನ ಒಬ್ಬ ಹೆಣ್ಣುಮಗಳು ಸಾಲಿನಲ್ಲೇ ಕುಸಿದುಬಿದ್ದಳು. ಸುರಪುರದ ದವಾಖಾನೆಗೆ ಒಯ್ದು ಸಲಾಯಿನ್ ಏರಿಸಿದ ಮೇಲೆ ಉಳಿದಳು. ಅವತ್ತು ಸಂಜೆ ಅಕ್ಕ ಹೆಂಗಸರನ್ನೆಲ್ಲ ಕರೆದುಕೊಂಡು ಚಾವಡಿಯ ಕಟ್ಟೆಗೆ ಹೋದಳು. ಅವಳು ಕೇಳಿದ್ದು ಒಂದೇ. ಇನ್ನು ಮೇಲೆ ಬೇಸಿಗೆ ಕೆಲಸಕ್ಕೆ ನಸುಕಿನಲ್ಲಿ ಬರುತ್ತೇವೆ, ಬಿಸಿಲು ನೆತ್ತಿಗೆ ಬರುವ ಮುಂಚೆ ಏಳುತ್ತೇವೆ, ಈ ವರ್ಷಕ್ಕಷ್ಟೇ ಅಲ್ಲ, ಕಾಯಂ.

ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಶೇಂಗಾ ಹಾಕುವ ಗೌಡರು ಕೆಟ್ಟವರಲ್ಲ. ಆಸ್ಪತ್ರೆಗೆ ತಮ್ಮ ಜೀಪನ್ನೇ ಕೊಟ್ಟಿದ್ದರು. ಅವರು ಎತ್ತಿದ ಪ್ರಶ್ನೆಯೂ ಕೆಟ್ಟದ್ದಲ್ಲ. ಈ ಝಳ ಬಂದು ಹೋಗುವಂಥದ್ದಾದರೆ ನೆರಳಿಗೆ ಒಂದು ಚಪ್ಪರ ಹಾಕಿಸಿ, ಕುಡಿಯಲು ನೀರಿಟ್ಟು ಹೇಗೋ ದಾಟಿಸಬಹುದು. ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಗುವಂಥದ್ದಾದರೆ ಕಾಲುವೆ ನೀರಿನ ಪಾಳಿ, ಟ್ರ್ಯಾಕ್ಟರು, ಯಾದಗಿರಿ ಮಂಡಿಗೆ ಹೋಗುವ ಲಾರಿಯ ಹೊತ್ತು ಎಲ್ಲವನ್ನೂ ಬದಲಿಸಬೇಕು. ಅದು ಸಣ್ಣ ಕೆಲಸವಲ್ಲ. ತಿಳಿದವರು ಹೇಳಲಿ, ಆಮೇಲೆ ನೋಡೋಣ ಎಂದರು. ಅಕ್ಕನೂ ಒಪ್ಪಿ ಎದ್ದು ಬಂದಳು. ತಿಳಿದವರು ಅಂದರೆ ಅವಳಿಗೆ ಒಬ್ಬನೇ, ಅವಳ ಮೈದುನ.

ಯುಗಾದಿ ಬಂತು. ವಾಚನಾಲಯದ ಹುಡುಗರು ಪ್ರತಿ ಯುಗಾದಿಗೆ ಏನಾದರೊಂದು ಸ್ಪರ್ಧೆ ಇಡುವ ಪದ್ಧತಿ. ಆ ಸಲ ಎಲ್ಲರ ಬಾಯಲ್ಲೂ ಝಳದ್ದೇ ಮಾತು ನೋಡಿ, ಅದನ್ನೇ ವಿಷಯ ಮಾಡಿದರು. ಭೂಮಿ ಬಿಸಿಯಾಗುವುದಕ್ಕೆ ಮನುಷ್ಯನೇ ಕಾರಣ, ಇದು ಹೌದೋ ಅಲ್ಲವೋ. ಬಹುಮಾನಕ್ಕೆ ಗೌಡರು ಒಂದು ಟೇಬಲ್ ಫ್ಯಾನು ಕೊಡಿಸಿದರು. ಮಾತಾಡಲು ಶಹಾಪುರದ ಕಾಲೇಜಿನಿಂದ ಒಬ್ಬ ಹೆಣ್ಣುಮಗಳನ್ನು ಕರೆಸಿದರು, ಭೂಗೋಳ ಕಲಿಸುವವರು. ಎದುರಿಗೆ ನಮ್ಮವರು. ಹಬ್ಬದ ಮುಂಚೆಯೇ ವಾಚನಾಲಯದೊಳಗೆ ಸ್ಟೀಲ್ ಲೋಟದಲ್ಲಿ ಎರಡು ಚೀಟಿ ಹಾಕಿ ಕುಲುಕಿದರು. ನಮ್ಮವರಿಗೆ ವಿರೋಧ ಬಂತು.

ಇವರು ಮನೆಗೆ ಬಂದು ನಗುತ್ತಾ ಅದನ್ನು ಹೇಳಿದಾಗ ನನಗೆ ಸರಿ ಬರಲಿಲ್ಲ. ಹಿಂದಿನ ತಿಂಗಳಷ್ಟೇ ಮಾಳಿಗೆಯ ಮೇಲೆ ಕೂತು ನನಗೆ ಇವರೇ ತಿಳಿಸಿ ಹೇಳಿದ್ದರು. ಕಲ್ಲಿದ್ದಲು, ಡೀಸೆಲ್, ಪೆಟ್ರೋಲ್ ಸುಟ್ಟ ಗಾಳಿ ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕೂತಿದೆ, ಹಗಲು ಕಾಸಿದ ಬಿಸಿ ರಾತ್ರಿ ಹೊರಗೆ ಹೋಗಲು ಬಿಡುತ್ತಿಲ್ಲ, ಸುಡುವುದು ನಿಲ್ಲುವವರೆಗೆ ಕಂಬಳಿ ದಪ್ಪವಾಗುತ್ತಲೇ ಹೋಗುತ್ತದೆ ಎಂದಿದ್ದರು. ಅಷ್ಟು ಸರಳವಾಗಿ ಹೇಳಿದ್ದರು, ನಾನು ಅದನ್ನು ಮಕ್ಕಳಿಗೂ ಹೇಳಿದ್ದೆ. ಈಗ ಅದೇ ಬಾಯಿಂದ ಅಲ್ಲ ಅಂತ ಹೇಗೆ ಹೇಳುತ್ತೀರಿ ಎಂದು ಕೇಳಿದೆ.

"ಅದು ಸ್ಪರ್ಧಾ ಅದ. ಹೆಂಗ ಮಾತಾಡ್ತೀನಿ ನೋಡು ಅಷ್ಟ" ಎಂದರು.

ನೋಡಿದೆ. ಶಾಲೆಯ ಬಯಲಿನಲ್ಲಿ ಊರಿಗೆ ಊರೇ ಸೇರಿತ್ತು. ಮುಂದೆ ಹೆಂಗಸರ ಸಾಲಿನಲ್ಲಿ ಅಕ್ಕ, ಯುಗಾದಿಯ ಹೊಸ ಇಳಕಲ್ ಸೀರೆಯಲ್ಲಿ, ಗುಂಪಿನ ಹೆಂಗಸರ ನಡುವೆ. ಶಹಾಪುರದವರು ಮೊದಲು ಮಾತಾಡಿದರು. ಮೆತ್ತಗಿನ ದನಿ, ಚೊಕ್ಕ ಮಾತು. ಸೂರ್ಯ ಹೆಚ್ಚು ಉರಿಯುತ್ತಿಲ್ಲ, ಅದನ್ನು ಅಳೆದು ನೋಡಿದ್ದಾರೆ, ಬಿಸಿಯಾಗುತ್ತಿರುವುದು ನಾವು ಸುಟ್ಟ ಹೊಗೆಯಿಂದಲೇ, ಆ ವಿಷಯದಲ್ಲಿ ಅನುಮಾನ ಉಳಿದಿಲ್ಲ ಎಂದರು. ಮಂದಿ ಸುಮ್ಮನೆ ಕೇಳುತ್ತಿದ್ದರು. ಅಕ್ಕ ತಲೆ ಆಡಿಸುತ್ತಿದ್ದಳು.

ಆಮೇಲೆ ನಮ್ಮವರು ಎದ್ದರು. ಎದ್ದವರೇ ಅಜ್ಜಂದಿರ ಕಾಲದ ಬರಗಾಲದ ಕಥೆ ತೆಗೆದರು. ಆಗ ಯಾವ ಕಾರು ಇತ್ತು, ಯಾವ ಕಾರ್ಖಾನೆ ಇತ್ತು ಎಂದರು. ಗಾಳಿಗೂ ಒಂದು ತಿರುಗಾಟವಿದೆ, ಏರಿದ್ದು ಇಳಿಯುತ್ತದೆ ಎಂದರು. ಕಾಲುವೆ ನೀರಿನ ತೇವಕ್ಕೆ ಝಳ ಮೈಗೆ ಹೆಚ್ಚು ಹತ್ತುತ್ತದೆ ಅಷ್ಟೇ ಎಂದರು. ಇದರಲ್ಲಿ ಒಂದೆರಡು ಮಾತು ಖರೆಯೂ ಹೌದು, ಅದಕ್ಕೇ ಉಳಿದದ್ದೂ ಖರೆಯಂತೆ ಕೇಳಿಸಿತು. ಮಂದಿ ನಕ್ಕರು, ಸಿಳ್ಳೆ ಹೊಡೆದರು. ಕೊನೆಗೆ ಶಹಾಪುರದವರ ಕಡೆ ತಿರುಗಿ ಒಂದು ಪ್ರಶ್ನೆ ಕೇಳಿದರು.

"ಮೇಡಂ, ಬರೋ ವರ್ಷ ನಮ್ಮೂರಾಗ ಝಳ ಎಷ್ಟಿರ್ತದ, ಖಾತ್ರಿ ಹೇಳ್ರಿ."

ಒಂದು ಊರಿಗೆ, ಒಂದು ವರ್ಷಕ್ಕೆ ಅಷ್ಟು ಖಾತ್ರಿಯಾಗಿ ಹೇಳಲಿಕ್ಕೆ ಬರುವುದಿಲ್ಲ ಎಂದು ಆಕೆ ಪ್ರಾಮಾಣಿಕವಾಗಿ ಹೇಳಿದರು. ‘ಆದರೆ’ ಎಂದು ಆಕೆ ಮುಂದೆ ಶುರು ಮಾಡಿದ್ದು ಯಾರಿಗೂ ಕೇಳಲಿಲ್ಲ.

"ಕೇಳಿದ್ರೇನ್ರಿ ಎಲ್ಲಾರೂ? ಖಾತ್ರಿ ಇಲ್ಲಂತ" ಎಂದು ನಮ್ಮವರು ಕೈಮುಗಿದು ಕೂತುಬಿಟ್ಟರು.

ಕಾರಣ ಯಾವುದು ಎನ್ನುವುದು ಒಂದು ಪ್ರಶ್ನೆ, ಬರುವ ವರ್ಷ ಎಷ್ಟು ಎನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಒಂದೇ ಗಂಟಿಗೆ ಕಟ್ಟಿ ಇವರು ಮಂದಿಯ ಕೈಗೆ ಕೊಟ್ಟರು. ನನ್ನಂಥ ಹತ್ತನೇ ಕ್ಲಾಸಿನವಳಿಗೂ ಅದು ಗೊತ್ತಾಯಿತು. ಆದರೂ ನಾನು ಚಪ್ಪಾಳೆ ತಟ್ಟಿದೆ. ನನ್ನ ಗಂಡ ಗೆದ್ದಿದ್ದ, ಸುತ್ತಲಿನವರು ನನ್ನನ್ನೇ ನೋಡುತ್ತಿದ್ದರು. ಶಹಾಪುರದವರು ಬಸ್ಸಿಗೆ ಹೋಗುವಾಗ ಯಾರೂ ಅವರ ಜೊತೆ ನಡೆಯಲಿಲ್ಲ. ಫ್ಯಾನು ನಮ್ಮ ಮನೆಗೆ ಬಂತು.

ಮರುದಿನದಿಂದ ನಸುಕಿನ ಕೆಲಸದ ಮಾತು ಊರಿನಲ್ಲಿ ಕೇಳಲಿಲ್ಲ. ಗೌಡರು ಮುಂದೂಡಿರಬೇಕು ಅಂದುಕೊಂಡೆ. ನಮ್ಮವರು ಅದನ್ನು ಮರೆತೇಬಿಟ್ಟಿದ್ದರು, ಅವರ ಪಾಲಿಗೆ ಸ್ಪರ್ಧೆ ಮುಗಿದಿತ್ತು. ಅಕ್ಕ ಎಂದಿನಂತೆ ಹೊತ್ತು ಹುಟ್ಟಿದ ಮೇಲೆ ಬುತ್ತಿ ಹಿಡಿದು ಓಣಿಯಲ್ಲಿ ಕೂಗುತ್ತಾ ಹೋಗುತ್ತಿದ್ದಳು. ಫ್ಯಾನಿನ ಮುಂದೆ ನನ್ನ ಮಕ್ಕಳು ಬಾಯಿ ತೆರೆದು ಆ ಎಂದು ಕೂಗಿ ದನಿ ನಡುಗಿಸಿ ಆಡುತ್ತಿದ್ದರು.

ಮುಂದಿನ ವರ್ಷ ಝಳ ಇಳಿಯಲಿಲ್ಲ. ಹಿಂದಿನ ವರ್ಷವೇ ವಾಸಿ ಅನ್ನುವ ಹಾಗಿತ್ತು. ಒಂದು ಮಧ್ಯಾಹ್ನ ಓಣಿಯಲ್ಲಿ ಟ್ರ್ಯಾಕ್ಟರ್ ನಿಂತಿತು. ಶೇಂಗಾ ಬಳ್ಳಿಯ ಮೇಲೆ ಅಕ್ಕನನ್ನು ಮಲಗಿಸಿ ತಂದಿದ್ದರು. ಮೈ ಹೆಂಚಿನ ಹಾಗೆ ಕಾಯ್ದಿತ್ತು, ಬೆವರಿನ ಹನಿ ಇಲ್ಲ. ಜೀಪು ಬರುವವರೆಗೆ ನಮ್ಮ ಪಡಸಾಲೆಯಲ್ಲೇ ಮಲಗಿಸಿದರು, ಫ್ಯಾನು ಇದ್ದದ್ದು ನಮ್ಮ ಮನೆಯಲ್ಲೇ. ಒದ್ದೆ ಬಟ್ಟೆ ಹಾಕಿ ಫ್ಯಾನು ಹಚ್ಚಿದೆ. ಅವಳು ಕಣ್ಣು ಮೇಲೆ ಮಾಡಿ ಯಾರು ಯಾರನ್ನೋ ಕೂಗಿ ಎಬ್ಬಿಸುತ್ತಿದ್ದಳು, ಹೊತ್ತಾಯಿತು ಏಳಿ ಅನ್ನುತ್ತಿದ್ದಳು. ಶಾಲೆಯಿಂದ ಓಡಿಬಂದ ನಮ್ಮವರು ಬಾಗಿಲಲ್ಲಿ ನಿಂತವರು ಒಳಗೆ ಕಾಲಿಡಲಿಲ್ಲ.

ಸುರಪುರದಿಂದ ಕಲಬುರಗಿಗೆ ಒಯ್ದರು. ಜೀವ ಉಳಿಯಿತು. ಆದರೆ ತಿರುಗಿ ಬಂದವಳು ಮೊದಲಿನ ಅಕ್ಕ ಅಲ್ಲ. ಕೈ ನಡುಗುತ್ತಿತ್ತು, ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ನಾಲಿಗೆ ಹೊರಳುತ್ತಿರಲಿಲ್ಲ. ಊರಿಗೇ ಕೇಳುವಂತೆ ಕೂಗುತ್ತಿದ್ದ ಬಾಯಿ ಅದು. ಈಗ ಒಂದು ಮಾತು ಹೇಳಬೇಕಾದರೆ ಎರಡು ಸಲ ಶುರು ಮಾಡಬೇಕು.

ಸ್ವಲ್ಪ ಕೂರುವಂತಾದ ಮೇಲೆ ಒಂದು ಸಂಜೆ ನಮ್ಮ ಕಟ್ಟೆಗೆ ಬಂದು ಕೂತಳು. ನಮ್ಮವರು ಎದ್ದು ಹೋಗಲು ನೋಡಿದರು, ಅವಳು ಅವರ ಅಂಗಿಯ ತುದಿ ಹಿಡಿದಳು. ಕೋಪದಲ್ಲಿ ಇರಲಿಲ್ಲ. ಏನೋ ಲೆಕ್ಕ ತಪ್ಪಿದೆ, ಮೈದುನನಿಗೆ ಕೇಳಿದರೆ ಗೊತ್ತಾಗುತ್ತದೆ ಅನ್ನುವ ಹಾಗೆ ಅವರ ಮುಖ ನೋಡಿದಳು. ಇಳಿಯುತ್ತದೆ ಎಂದಿದ್ದೆಯಲ್ಲ, ಯಾಕೆ ಇಳಿಯಲಿಲ್ಲ ಎಂದು ತಡೆದು ತಡೆದು ಕೇಳಿದಳು.

ಆಗ ನಮಗೆ ಗೊತ್ತಾಯಿತು. ನಸುಕಿನ ಕೆಲಸವನ್ನು ಗೌಡರು ನಿಲ್ಲಿಸಿರಲಿಲ್ಲ, ಅಕ್ಕನೇ ನಿಲ್ಲಿಸಿದ್ದಳು. ಸ್ಪರ್ಧೆಯಾದ ಮರುದಿನ ಹೆಂಗಸರು ಚಾವಡಿಗೆ ಹೋಗೋಣ ಎಂದು ಬಂದಿದ್ದರಂತೆ. ಇವಳೇ ಬೇಡ ಎಂದು ತಿರುಗಿಸಿ ಕಳಿಸಿದ್ದಳು. ಝಳ ತಾನಾಗಿ ಇಳಿಯುತ್ತದೆ, ಸುಮ್ಮನೆ ಊರಿನವರ ಕೂಡ ಯಾಕೆ ಜಗಳ, ಒಂದೆರಡು ವರ್ಷ ತಡೆದುಕೊಳ್ಳಿ ಎಂದಿದ್ದಳು. ಅದನ್ನು ವೇದಿಕೆಯ ಮೇಲೆ, ಎಲ್ಲರ ಮುಂದೆ, ವಿಜ್ಞಾನ ಕಲಿತವನೇ ಹೇಳಿದ್ದನಲ್ಲ.

ನಮ್ಮವರು ನೆಲ ನೋಡುತ್ತಾ ಕೂತರು. ಕಡೆಗೆ, ಅದು ಖರೆ ಅಲ್ಲ ವೈನಿ, ನನಗೆ ಆ ಕಡೆಯ ಚೀಟಿ ಬಂದಿತ್ತು ಎಂದರು. ಅವಳಿಗೆ ತಿಳಿಯಲಿಲ್ಲ. ಚೀಟಿ ಅಂದರೆ ಏನು, ಲೋಟದಲ್ಲಿ ಹೇಗೆ ಹಾಕುತ್ತಾರೆ, ಬಂದದ್ದನ್ನು ಹೇಗೆ ಮಾತಾಡಬೇಕು ಎಂದು ಇವರು ಸಣ್ಣ ಮಕ್ಕಳಿಗೆ ಹೇಳಿದ ಹಾಗೆ ಬಿಡಿಸಿ ಹೇಳಿದರು. ನಾನು ಪಕ್ಕದಲ್ಲಿ ನಿಂತು ಕೇಳುತ್ತಿದ್ದೆ. ಇಷ್ಟು ವರ್ಷ ಆಟವೆಂದುಕೊಂಡಿದ್ದು, ಬಿಡಿಸಿ ಹೇಳಿದಾಗ ಎಷ್ಟು ಹೊಲಸಾಗಿ ಕೇಳಿಸಿತು ಅಂದರೆ, ನಡುವೆ ಬಾಯಿ ಹಾಕಿ ನಿಲ್ಲಿಸೋಣ ಅನ್ನಿಸಿತು.

ಅಕ್ಕ ಅವರ ಅಂಗಿಯ ತುದಿ ಬಿಟ್ಟಳು. ಆಮೇಲೆ ಒಂದೇ ಮಾತು ಹೇಳಿದಳು.

"ನಾ ಅವರಿಗೆ ನಿನ್ನ ಹೆಸರ ಹೇಳೀನಲ್ಲೋ."

ಆ ವಾರವೇ ನಮ್ಮವರು ಚಾವಡಿಗೆ ಹೋದರು. ತಾವಾಗಿಯೇ ಹೋದರು, ನಾನು ಹೇಳಿ ಕಳಿಸಲಿಲ್ಲ, ಅಷ್ಟು ಮಾತ್ರ ಅವರ ಪರವಾಗಿ ಹೇಳುತ್ತೇನೆ. ಸಂತೆಯ ಮರುದಿನ, ಸಂಜೆ, ಗೌಡರೂ ಇದ್ದರು, ಕೂಲಿಯಿಂದ ಬಂದ ಹೆಂಗಸರೂ ನಿಂತಿದ್ದರು. ನಾನು ಅಕ್ಕನ ಕೈಹಿಡಿದು ಕರೆದುಕೊಂಡು ಹೋಗಿ ಹಿಂದೆ ನಿಂತೆ. ನಮ್ಮವರು ಎಲ್ಲವನ್ನೂ ಹೇಳಿದರು. ಅವತ್ತು ಹೇಳಿದ್ದು ಸುಳ್ಳು, ಶಹಾಪುರದ ಮೇಡಂ ಹೇಳಿದ್ದೇ ಖರೆ, ಈ ಝಳ ತಾನಾಗಿ ಇಳಿಯುವುದಲ್ಲ, ಕೆಲಸದ ಹೊತ್ತು ಬದಲಿಸಲೇಬೇಕು ಎಂದರು. ಕಂಬಳಿಯ ಮಾತನ್ನೂ ಹೇಳಿದರು. ಜೀವನದಲ್ಲಿ ಅಷ್ಟು ಚೆನ್ನಾಗಿ ಅವರು ಮಾತಾಡಿದ್ದು ನಾನು ಕೇಳಿಲ್ಲ. ದನಿ ನಡುಗುತ್ತಿತ್ತು, ಕಣ್ಣಲ್ಲಿ ನೀರಿತ್ತು.

ಅದೇ ತಪ್ಪಾಯಿತು. ಮಂದಿ ಚಪ್ಪಾಳೆ ತಟ್ಟಿದರು.

ಮೊದಲು ಒಬ್ಬರು, ಆಮೇಲೆ ಎಲ್ಲರೂ. ವಾಚನಾಲಯದ ಹುಡುಗನೊಬ್ಬ, ಈ ಸಲ ಪರದ ಚೀಟಿ ಬಂತೇನು ಮಾಸ್ತರೇ ಎಂದ. ಕಟ್ಟೆ ತುಂಬಾ ನಗೆ. ಇವರು ಕೈ ಎತ್ತಿ, ಇದು ಸ್ಪರ್ಧೆಯಲ್ಲ ಎಂದರು. ಅದಕ್ಕೂ ನಕ್ಕರು, ಚೆನ್ನಾಗಿ ಅಭಿನಯ ಮಾಡುತ್ತಾರೆ ಎಂದು ನಕ್ಕರು. ಗೌಡರು ಮಾತ್ರ ನಗಲಿಲ್ಲ. ಅವರು ನಕ್ಕಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ಎರಡೂ ಕಡಿ ಅಷ್ಟ ಚಂದ ಮಾತಾಡ್ತೀರಿ ಮಾಸ್ತರ. ನಾವು ಯಾವುದನ್ನ ನಂಬಬೇಕ್ರಿ?" ಎಂದು ಅವರು ನಿಜವಾಗಿಯೂ ತಿಳಿಯದವರ ಹಾಗೆ ಕೇಳಿದರು.

ಆಗ ಅಕ್ಕ ನನ್ನ ಕೈ ಬಿಡಿಸಿಕೊಂಡು ಮುಂದೆ ಹೋದಳು. ಇವನು ಹೇಳುವುದು ಖರೆ, ನಂಬಿ ಎಂದು ಹೇಳಲು ಹೋದಳು. ನಾಲಿಗೆ ತೊಡರಿತು. ಮತ್ತೆ ಶುರು ಮಾಡಿದಳು, ಮತ್ತೆ ತೊಡರಿತು. ಯಾರಿಗೂ ಅರ್ಥವಾಗಲಿಲ್ಲ. ಪಾಪ, ಮನೆಗೆ ಕರೆದುಕೊಂಡು ಹೋಗಿ ಎಂದು ಹೆಂಗಸರೇ ನನಗೆ ಹೇಳಿದರು. ಅವಳನ್ನು ತಿರುಗಿಸಿಕೊಂಡು ಬರುವಾಗ ನಾನು ಯಾರ ಮುಖವನ್ನೂ ನೋಡಲಿಲ್ಲ.

ಶಹಾಪುರದ ಮೇಡಂ ಅವರನ್ನು ಮತ್ತೆ ಕರೆಸೋಣ ಎಂದು ನಮ್ಮವರು ಹೋಗಿ ಕೇಳಿಕೊಂಡರು. ನಾನೂ ಜೊತೆಗಿದ್ದೆ. ಆಕೆ ಚಹಾ ಕೊಟ್ಟರು, ಬೈಯಲಿಲ್ಲ. ಆ ವೇದಿಕೆಗೆ ಇನ್ನು ಬರುವುದಿಲ್ಲ ಎಂದಷ್ಟೇ ಹೇಳಿದರು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ಬುದ್ಧ ಮಲಗಿದಂತಿರುವ ಬೆಟ್ಟ ಕಾಣುತ್ತಿತ್ತು. ಯಾವಾಗಲೂ ಅದನ್ನು ತೋರಿಸಿ ಏನಾದರೂ ಹೇಳುವ ನಮ್ಮವರು ಅವತ್ತು ಆ ಕಡೆ ನೋಡಲಿಲ್ಲ. ಮಕ್ಕಳನ್ನು ಸ್ಪರ್ಧೆಗೆ ತಯಾರು ಮಾಡುವುದನ್ನು ಅವರು ಬಿಟ್ಟರು. ಫ್ಯಾನು ಅಟ್ಟ ಸೇರಿತು. ಬಂದವರು ಇಷ್ಟು ಸೆಖೆಯಲ್ಲಿ ಒಂದು ಫ್ಯಾನಾದರೂ ಇಲ್ಲವೇ ಎಂದರೆ ಕೆಟ್ಟಿದೆ ಎನ್ನುತ್ತೇನೆ.

ಹೆಂಗಸರು ಈಗಲೂ ಬಿಸಿಲೇರಿದ ಮೇಲೆಯೇ ಶೇಂಗಾ ಕೀಳಲು ಹೋಗುತ್ತಾರೆ. ದಾರಿ ನಮ್ಮ ಮನೆಯ ಮುಂದೆಯೇ. ಅಕ್ಕ ಬೆಳಿಗ್ಗೆ ಎದ್ದು ನಮ್ಮ ಕಟ್ಟೆಗೆ ಬಂದು ಕೂರುತ್ತಾಳೆ, ಹೋಗುವ ಒಬ್ಬೊಬ್ಬರನ್ನೂ ನಿಲ್ಲಿಸುತ್ತಾಳೆ. ನಾಲಿಗೆ ಈಗ ಸ್ವಲ್ಪ ತಿರುಗುತ್ತದೆ, ತಡವಾದರೂ ಮಾತು ತಿಳಿಯುತ್ತದೆ.

"ನಸಿಕಿಲೆ ಹೋಗ್ರೆವ್ವಾ. ಝಳ ಇನ್ನ ಇಳಿಯಂಗಿಲ್ಲ. ನಮ್ಮ ಮೈದುನ ಹೇಳ್ಯಾನ."

ಅವರು ಹೂಂ ಎಂದು, ಒಬ್ಬರ ಮುಖ ಒಬ್ಬರು ನೋಡಿ, ನಕ್ಕು ಹೋಗುತ್ತಾರೆ. ಅವರೆಲ್ಲ ದಾಟಿಹೋಗುವವರೆಗೆ ನಮ್ಮವರು ಒಳಗಿನ ಕೋಣೆಯಲ್ಲಿ ಕೂತಿರುತ್ತಾರೆ. ನಾನು ಬಾಗಿಲ ಹಿಂದೆ ನಿಂತಿರುತ್ತೇನೆ.